ಇಂಜಿನ್ ಬಿಚ್ಚುವ ಮೊದಲಿನ ಆರು ಗಂಟೆ

0.07 ಮಿಲಿಮೀಟರಿನಿಂದ 0.13ರವರೆಗೆ ಸರಿ. 0.15 ದಾಟಿದರೆ ಕೆಲಸ ಬಂತು ಎಂದರ್ಥ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಇಂಜಿನ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಜರುಗಲು ಇರುವ ಅವಕಾಶ ಇಷ್ಟೇ. ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ., ಜೆರಾಕ್ಸ್ ಅಂಗಡಿಯ ಹಾಳೆಯ ದಪ್ಪ ಸುಮಾರು 0.1. ಒಂದು ಹಾಳೆಯಷ್ಟು ಆಟ ಇದ್ದರೆ ಇಂಜಿನ್ ಆರೋಗ್ಯವಾಗಿದೆ, ಒಂದೂವರೆ ಹಾಳೆಯಾದರೆ ಕಾಯಿಲೆ ಬಿದ್ದಿದೆ. ಈ ಅರ್ಧ ಹಾಳೆಯನ್ನು ಇಂಜಿನ್ ಕಾರಿನಲ್ಲೇ ಇರುವಾಗ, ಒಂದು ಡಯಲ್ ಗೇಜ್ ಇಟ್ಟು ಹತ್ತು ನಿಮಿಷದಲ್ಲಿ ಅಳೆಯಬಹುದು.

ಆದರೂ ಹೆಚ್ಚಿನ ಕಡೆ ಅಳತೆ ಆಮೇಲೆ, ಬಿಚ್ಚುವುದು ಮೊದಲು. "ಒಳಗಡೆ ಹೊಡೀತಾ ಇದೆ ಸಾರ್, ಇಳಿಸಿ ನೋಡಿಬಿಡೋಣ" ಎಂಬ ಮಾತು ಕೇಳಿದ ಕೂಡಲೇ ಮಾಲೀಕನ ಎದೆ ಕುಸಿಯುತ್ತದೆ, ಒಪ್ಪಿಬಿಡುತ್ತಾನೆ. ಆ ಒಂದು ಮಾತಿನ ಬೆಲೆ ಎಷ್ಟು, ಅದನ್ನು ಒಪ್ಪುವ ಮೊದಲು ಮಾಡಿಸಬೇಕಾದ ಪರೀಕ್ಷೆಗಳ ಬೆಲೆ ಎಷ್ಟು ಎಂದು ಲೆಕ್ಕ ಹಾಕುವುದೇ ಈ ಬರಹದ ಕೆಲಸ. ಗಾಳಿಯಿಂದ ತಂಪಾಗುವ ಹಳೆಯ ಕಾರುಗಳ ಪೈಕಿ ಬೀಟಲನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ಯುಯೆಬ್ಲಾ ಕಾರ್ಖಾನೆಯಿಂದ ಕೊನೆಯ ಗಾಡಿ ಹೊರಬರುವ ಹೊತ್ತಿಗೆ ಲೋಕದಲ್ಲಿ ಒಟ್ಟು 2,15,29,464 ಬೀಟಲ್‌ಗಳು ತಯಾರಾಗಿದ್ದವು. ಬ್ರೆಜಿಲ್‌ನಲ್ಲಿ ಕೋಂಬಿ ವ್ಯಾನಿಗೆ ಈ ಗಾಳಿ ತಂಪಿನ ಇಂಜಿನ್ 2005ರ ಕೊನೆಯವರೆಗೂ ಕೂರುತ್ತಿತ್ತು. ಹಾಗಾಗಿ ಇದರ ಪ್ರತಿ ಅಳತೆಯೂ ಅಚ್ಚಾಗಿದೆ, ಬಿಡಿಭಾಗ ಇನ್ನೂ ಸಿಗುತ್ತದೆ. ಬೆಂಗಳೂರಿನಲ್ಲೂ ಪ್ರೀತಿಯಿಂದ ಉಳಿಸಿಕೊಂಡ ಬೀಟಲ್‌ಗಳು ಭಾನುವಾರದ ಬೆಳಿಗ್ಗೆ ರಸ್ತೆಗಿಳಿಯುತ್ತವೆ.

ಮೊದಲು ಲೆಕ್ಕದ ಬುನಾದಿ. ಕೂಲಿಯನ್ನು ಗಂಟೆಗೆ 500 ರೂಪಾಯಿ ಎಂದು ಹಿಡಿದಿದ್ದೇನೆ. ಇದು ಗುಣಾಕಾರಕ್ಕೆ ಸುಲಭವಾಗಲೆಂದು ಹಿಡಿದ ಅಂಕಿ. ನಿಮ್ಮ ಮೆಕ್ಯಾನಿಕ್ ತೆಗೆದುಕೊಳ್ಳುವುದು 300 ಅಥವಾ 800 ಆದರೆ ಅದರಂತೆ ಬದಲಿಸಿಕೊಳ್ಳಿ, ಅನುಪಾತ ಹಾಗೆಯೇ ಉಳಿಯುತ್ತದೆ. ಗಂಟೆಗಳು ಅನುಭವದ ಕೈಗೆ ಸಾಕಾಗುವಷ್ಟು ಎಂಬ ಅಂದಾಜು. ಬಿಡಿಭಾಗಗಳ ದರ ತಿಂಗಳಿಗೊಂದು ರೀತಿ, ತರಿಸುವ ದಾರಿಗೊಂದು ರೀತಿ. ಅವುಗಳನ್ನು ರೂಪಾಯಿಯಲ್ಲಿ ಹೇಳದೆ ಎಣಿಕೆಯಲ್ಲಿ ಹೇಳುತ್ತೇನೆ.

ಇಳಿಸಿ, ಪೂರ್ತಿ ಬಿಚ್ಚಿ, ಮತ್ತೆ ಕಟ್ಟುವ ಕೆಲಸ ನೋಡಿ. ಇಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ನಾಲ್ಕೇ ಬೋಲ್ಟ್‌ಗಳಲ್ಲಿ. ಇಂಜಿನ್ ತೂಕ ಸುಮಾರು 110 ಕೆ.ಜಿ. ಇಳಿಸಿ ಮತ್ತೆ ಏರಿಸಲು 5 ಗಂಟೆ, ಬಿಚ್ಚಲು 5, ತೊಳೆದು ಅಳೆಯಲು 6, ಕಟ್ಟಲು 10. ಒಟ್ಟು 26 ಗಂಟೆ, ಕೂಲಿ 13,000 ರೂಪಾಯಿ. ಇದರಲ್ಲಿ ಕ್ರ್ಯಾಂಕ್ ಗ್ರೈಂಡಿಂಗ್ ಸೇರಿಲ್ಲ, ಬೇರಿಂಗ್ ಸೇರಿಲ್ಲ, ಗ್ಯಾಸ್ಕೆಟ್ ಸೆಟ್ಟೂ ಸೇರಿಲ್ಲ.

ಇನ್ನು ಇಂಜಿನ್ ಕಾರಿನಲ್ಲೇ ಇರುವಾಗ ಮಾಡುವ ಪರೀಕ್ಷೆಗಳು. ಕಿವಿಗೊಟ್ಟು ಕೇಳುವುದು, ಬೆಲ್ಟ್, ಕ್ಲಚ್, ಪುಲ್ಲಿ ನೋಡುವುದು 1 ಗಂಟೆ. ಟ್ಯಾಪೆಟ್ (ವಾಲ್ವ್ ಅಂತರ) ಒಂದೂವರೆ. ಎಣ್ಣೆ ಇಳಿಸಿ ಜಾಲರಿ ನೋಡುವುದು 1. ಟೈಮಿಂಗ್ ನೋಡಿ, ಒಂದೊಂದೇ ಪ್ಲಗ್ ವೈರ್ ಕಿತ್ತು ಕೇಳುವುದು 1. ಎಣ್ಣೆಯ ಒತ್ತಡ ಮತ್ತು ಕಂಪ್ರೆಷನ್ ಒಂದೂವರೆ. ಎಲ್ಲ ಕೂಡಿದರೆ 6 ಗಂಟೆ, 3,000 ರೂಪಾಯಿ.

3,000ವನ್ನು 13,000ದಿಂದ ಭಾಗಿಸಿದರೆ ನೂರಕ್ಕೆ 23. ಎಂದರೆ, ಸದ್ದು ಮಾಡುವ ನೂರು ಇಂಜಿನ್‌ಗಳಲ್ಲಿ 24ರಷ್ಟು ಬಿಚ್ಚದೆಯೇ ಸರಿಹೋಗುವಂತಿದ್ದರೂ ಸಾಕು, ನೂರಕ್ಕೂ ಆರು ಗಂಟೆಯ ಪರೀಕ್ಷೆ ಮಾಡಿಸಿದ್ದು ಲಾಭವೇ. ಟ್ಯಾಪೆಟ್, ಸಡಿಲ ಪ್ಲಗ್, ಸೈಲೆನ್ಸರಿನ ಸೋರಿಕೆ, ಅಲುಗುವ ತಗಡು, ಟೈಮಿಂಗ್ ಇವೆಲ್ಲ ಹೊರಗಿನಿಂದಲೇ ಸರಿಪಡಿಸುವ ಕೆಲಸಗಳು. ಇಂಥ ಇಂಜಿನ್‌ಗಳ ಜೊತೆ ಕೂತು ಎದ್ದವರು ಈ ಗುಂಪನ್ನು ಚಿಕ್ಕದೆನ್ನಲಾರರು. ಉಳಿದ 76 ಇಂಜಿನ್ ಇಳಿದೇ ಇಳಿಯುತ್ತವೆ ಅನ್ನಿ, ಅಲ್ಲೂ ಹಣ ಪೋಲಾಗುವುದಿಲ್ಲ. ಯಾವ ಸಿಲಿಂಡರ್, ಯಾವ ಬೇರಿಂಗ್ ಎಂದು ಗೊತ್ತಿದ್ದು ಬಿಚ್ಚುವುದೇ ಬೇರೆ, ಕತ್ತಲಲ್ಲಿ ತಡಕುವುದೇ ಬೇರೆ.

ಸದ್ದನ್ನು ಎಣಿಸುವುದು

ಇಂಜಿನ್ ಐಡಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ. ಸೆಕೆಂಡಿಗೆ 14. ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ, ಅಂದರೆ ಸೆಕೆಂಡಿಗೆ 7 ಸುತ್ತು. ಒಂದೇ ಒಂದು ವಾಲ್ವ್ ಸಡಿಲವಾಗಿದ್ದರೆ ಸೆಕೆಂಡಿಗೆ ಏಳು ಬಾರಿ "ಟಿಕ್" ಎನ್ನುತ್ತದೆ. ಕ್ರ್ಯಾಂಕಿನ ಜೊತೆ ಸುತ್ತುವ ಸಡಿಲ ಪುಲ್ಲಿ, ಫ್ಲೈವೀಲ್ ಸುತ್ತಿಗೊಮ್ಮೆ ಬಡಿಯುತ್ತವೆ, ಅಂದರೆ ಹದಿನಾಲ್ಕು. ಕಿವಿ ಹದಿನಾಲ್ಕನ್ನು ಎಣಿಸಲಾರದು, ನಿಜ. ಆದರೆ ಟೈಮಿಂಗ್ ಲೈಟನ್ನು 1ನೇ ಪ್ಲಗ್ ವೈರಿಗೆ ಸಿಕ್ಕಿಸಿದರೆ ಅದು ಎರಡು ಸುತ್ತಿಗೊಮ್ಮೆ, ಸೆಕೆಂಡಿಗೆ ಏಳು ಸಲ ಮಿಂಚುತ್ತದೆ. ಮಿಂಚಿಗೊಂದು ಸದ್ದು ಬಂದರೆ ಅದು ಕ್ಯಾಮಿನ ಲೆಕ್ಕ. ಮಿಂಚಿಗೆ ಎರಡು ಬಂದರೆ ಕ್ರ್ಯಾಂಕಿನ ಲೆಕ್ಕ. ಕಣ್ಣು ಹಿಡಿದ ತಾಳಕ್ಕೆ ಕಿವಿ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು, ಆಮೇಲೆ ತಪ್ಪುವುದು ಕಡಿಮೆ.

ಎಡವುವ ಜಾಗವೂ ಇದೆ. ಮೆಕ್ಯಾನಿಕಲ್ ಪೆಟ್ರೋಲ್ ಪಂಪನ್ನು ತಳ್ಳುವ ಕಡ್ಡಿ ಓಡುವುದೂ ಕ್ಯಾಮ್ ಶಾಫ್ಟಿನ ವೇಗದಲ್ಲೇ. ಅದರ ಸದ್ದು ಸಡಿಲ ಟ್ಯಾಪೆಟ್‌ನಂತೆಯೇ ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಪಂಪಿನ ಮೇಲೊಮ್ಮೆ, ವಾಲ್ವ್ ಕವರಿನ ಮೇಲೊಮ್ಮೆ ಇಟ್ಟರೆ ಯಾವುದೆಂದು ಗೊತ್ತಾಗುತ್ತದೆ. ತಿರುಗುವ ಬೆಲ್ಟಿನಿಂದ ಅಂಗಿಯ ತೋಳು ದೂರವಿರಲಿ.

ಬೆಲ್ಟ್ ಎಂದೆನಲ್ಲ, ಅದನ್ನು ಬಿಚ್ಚಿ ಇಂಜಿನ್ ಚಾಲೂ ಮಾಡುವುದೂ ಒಂದು ಪರೀಕ್ಷೆ. ಡೈನಮೋದ ಬೇರಿಂಗ್, ಅದರ ಹಿಂದಿನ ಫ್ಯಾನ್ ಎರಡೂ ಕ್ರ್ಯಾಂಕಿಗಿಂತ ಸುಮಾರು 1.8 ಪಟ್ಟು ವೇಗದಲ್ಲಿ ತಿರುಗುತ್ತವೆ. ಬೆಲ್ಟ್ ತೆಗೆದಾಗ ಸದ್ದು ನಿಂತರೆ ಇಂಜಿನ್ ನಿರಪರಾಧಿ. ಆದರೆ ಇದು ನೀರಿನ ಕಾರಲ್ಲ. ಬೆಲ್ಟ್ ಇಲ್ಲದಿದ್ದರೆ ಫ್ಯಾನ್ ಇಲ್ಲ, ಫ್ಯಾನ್ ಇಲ್ಲದಿದ್ದರೆ ತಂಪು ಸೊನ್ನೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಅದೂ ತಣ್ಣಗಿರುವ ಇಂಜಿನನ್ನು ಮಾತ್ರ.

ಕ್ಲಚ್ ಪೆಡಲ್ ಇನ್ನೊಂದು ಸಾಕ್ಷಿ. ಪೆಡಲ್ ಒತ್ತಿದಾಗ ಕ್ರ್ಯಾಂಕ್ ಪೂರ್ತಿ ಒಂದು ಬದಿಗೆ ತಳ್ಳಲ್ಪಡುತ್ತದೆ. ಆಗ ಗುದ್ದು ನಿಂತರೆ ಮೊದಲ ಪ್ಯಾರಾದಲ್ಲಿ ಹೇಳಿದ ಹಾಳೆಯ ಲೆಕ್ಕಕ್ಕೆ ಬನ್ನಿ. ಇಂಜಿನ್ ನಿಲ್ಲಿಸಿ, ತಳದ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತಳ್ಳಿ. "ಟಕ್" ಎಂದು ಕೈಗೆ ತಾಗಿದರೆ ಡಯಲ್ ಗೇಜ್ ತರಿಸಿ. ಕೈಗೆ ತಾಗುವ ಆಟ ಹೆಚ್ಚಿನ ಸಲ 0.15 ದಾಟಿಯೇ ಇರುತ್ತದೆ.

ಎರಡು ಗ್ಯಾಸ್ಕೆಟ್, ಎಂಟು ವಾಲ್ವ್

ಟ್ಯಾಪೆಟ್ ನೋಡಲು ಬೇಕಾದ ಸಾಮಾನು: 13ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಫೀಲರ್ ಗೇಜ್, ಎರಡು ಕಾರ್ಕ್ ಗ್ಯಾಸ್ಕೆಟ್. ಕವರಿಗೆ ಬೋಲ್ಟ್ ಕೂಡ ಇಲ್ಲ, ದಪ್ಪ ತಂತಿಯ ಕ್ಲಿಪ್ ಒಂದೇ. 1300, 1500, 1600 ಇಂಜಿನ್‌ಗಳಿಗೆ ಅಂತರ 0.15 ಮಿ.ಮೀ., ಒಳ (ಇನ್‌ಟೇಕ್) ವಾಲ್ವಿಗೂ ಹೊರ (ಎಕ್ಸಾಸ್ಟ್) ವಾಲ್ವಿಗೂ ಒಂದೇ. ಹಳೆಯ ಕೆಲವು ಇಂಜಿನ್‌ಗಳಿಗೆ ಬೇರೆ ಅಂಕಿಗಳಿವೆ, ಆಯಾ ಇಂಜಿನ್‌ನ ಕೈಪಿಡಿ ನೋಡಬೇಕು. ಅಳತೆ ಮಾತ್ರ ರಾತ್ರಿಯಿಡೀ ನಿಂತು ಪೂರ್ತಿ ಆರಿದ ಇಂಜಿನ್‌ನಲ್ಲೇ. ಮಧ್ಯಾಹ್ನ ಗಾಡಿ ಓಡಿಸಿಕೊಂಡು ಬಂದು, ಚಹಾ ಕುಡಿದು ಅಳೆದರೆ ಆ ಅಂಕಿಗೆ ಬೆಲೆಯಿಲ್ಲ.

ಸಿಡಿಯುವ ಕ್ರಮ 1-4-3-2. ಆದ್ದರಿಂದ ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಹೋದರೆ 1, 2, 3, 4 ಎಂದು ನೇರ ಕ್ರಮದಲ್ಲೇ ಸಿಲಿಂಡರುಗಳು ಸಿಗುತ್ತವೆ. ಗೊಂದಲವಿಲ್ಲದ, ಚೆಂದದ ವಿಧಾನ.

5,000 ಕಿ.ಮೀ.ಗೊಮ್ಮೆ ಇದನ್ನು ಮಾಡಿಸಬೇಕು. ಯಾಕೆ ಎಂಬುದಕ್ಕೂ ಅಂಕಿಯಿದೆ. ಟಾಪ್ ಗೇರಿನಲ್ಲಿ ಬೀಟಲ್ ಇಂಜಿನ್ ಒಂದು ಕಿಲೋಮೀಟರಿಗೆ ಸರಿಸುಮಾರು 1,800 ಸುತ್ತು ಹಾಕುತ್ತದೆ. 5,000 ಕಿ.ಮೀ.ಗೆ 90 ಲಕ್ಷ ಸುತ್ತು. ಪ್ರತಿ ವಾಲ್ವ್ 45 ಲಕ್ಷ ಸಲ ತನ್ನ ಪೀಠಕ್ಕೆ ಬಡಿದಿರುತ್ತದೆ. ಆ ಬಡಿತದಲ್ಲಿ ಪೀಠ ಸವೆಯುತ್ತದೆ, ವಾಲ್ವಿನ ಕಾಂಡ ಕಾವಿಗೆ ಹಿಗ್ಗುತ್ತದೆ, ಎರಡರಿಂದಲೂ ಅಂತರ ಕುಗ್ಗುತ್ತದೆ.

ಈ ಮಾತನ್ನು ಒತ್ತಿ ಹೇಳಬೇಕು. ಅಂತರ ಹೆಚ್ಚಾದರೆ ಸದ್ದು, ಅಂತರ ಕಡಿಮೆಯಾದರೆ ಮೌನ. ಸದ್ದು ಮಾಡುವ ವಾಲ್ವಿಗಿಂತ ಸದ್ದಡಗಿದ ವಾಲ್ವ್ ಹತ್ತು ಪಟ್ಟು ಅಪಾಯ ಎಂದು ನಾನು ನಂಬುತ್ತೇನೆ. ಕಳೆದ ಸಲ 0.15ಕ್ಕೆ ಕೂರಿಸಿದ 3ನೇ ಸಿಲಿಂಡರಿನ ಹೊರ ವಾಲ್ವ್ ಈ ಸಲ 0.05 ತೋರಿಸಿತು ಎಂದುಕೊಳ್ಳಿ. ಮತ್ತೆ 0.15ಕ್ಕೆ ಕೂರಿಸಿ, 1,000 ಕಿ.ಮೀ. ಬಿಟ್ಟು ನೋಡಿ. ಮತ್ತೆ ಇಳಿದಿದ್ದರೆ ಆ ವಾಲ್ವ್ ಹಿಗ್ಗುತ್ತಿದೆ ಅಥವಾ ಪೀಠದೊಳಗೆ ಇಳಿಯುತ್ತಿದೆ. ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಹೆಡ್, ಪಿಸ್ಟನ್, ಸಿಲಿಂಡರ್ ಮೂರೂ ಹೋದವು. 3ನೇ ಸಿಲಿಂಡರನ್ನೇ ಹೆಸರಿಸಲು ಕಾರಣ, ಹಳೆಯ ವಿನ್ಯಾಸದಲ್ಲಿ ಎಣ್ಣೆ ತಂಪು ಮಾಡುವ ಕೂಲರ್ ಫ್ಯಾನ್ ಕವಚದೊಳಗೆ ಅದರ ಗಾಳಿಗೆ ಅಡ್ಡವಾಗಿ ನಿಂತಿತ್ತು. ಕಂಪನಿಗೂ ಇದು ಗೊತ್ತಿತ್ತು. ಕೆಲವು ಡಿಸ್ಟ್ರಿಬ್ಯೂಟರುಗಳಲ್ಲಿ 3ನೆಯದಕ್ಕೆ ಮಾತ್ರ ಕಿಡಿ ಕೆಲವು ಡಿಗ್ರಿ ತಡವಾಗಿ ಬರುವಂತೆ ಬೇಕೆಂದೇ ಮಾಡಿತ್ತು. 1971ರ ಮಾದರಿಯಿಂದ ಕೂಲರನ್ನು ಕವಚದ ಹೊರಗೆ, ಪ್ರತ್ಯೇಕ ಗೂಡಿಗೆ ಸರಿಸಿತು.

ಎಂಟೂ ವಾಲ್ವ್‌ಗಳ ಅಂಕಿಯನ್ನು ಪ್ರತಿ ಸಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರಿಪಡಿಸಿದ ಮೇಲಿನ ಅಂಕಿಯಲ್ಲ, ಸರಿಪಡಿಸುವ ಮೊದಲಿನ ಅಂಕಿ. ಎರಡನೆಯ ಸಲಕ್ಕೇ ಅದು ಮಾತಾಡಲು ಶುರುಮಾಡುತ್ತದೆ.

ಎಣ್ಣೆ ಹೇಳುವ ಸುದ್ದಿ

ಈ ಇಂಜಿನ್‌ನಲ್ಲಿ ಇರುವುದು 2.5 ಲೀಟರ್ ಎಣ್ಣೆ. ಕಾಗದದ ಫಿಲ್ಟರ್ ಇಲ್ಲ, ತಂತಿಯ ಜಾಲರಿ ಮಾತ್ರ. ತಳದ ತಟ್ಟೆಯನ್ನು ಹಿಡಿದಿರುವುದು ಆರು ಚಿಕ್ಕ ನಟ್‌ಗಳು. ಆರು ತಾಮ್ರದ ವಾಷರ್, ಎರಡು ಗ್ಯಾಸ್ಕೆಟ್ ಹೊಸದು ಬೇಕು. ಬಿಗಿಯುವಾಗ 0.7 ಕಿಲೋಗ್ರಾಂ-ಮೀಟರ್ ಸಾಕು. ತೋಳಿನ ಬಲ ತೋರಿಸಲು ಹೋಗಿ ಇಲ್ಲಿ ಸ್ಟಡ್ ಕಿತ್ತುಹೋದ ಇಂಜಿನ್‌ಗಳು ಬೇಕಾದಷ್ಟಿವೆ.

ಇಳಿದ ಎಣ್ಣೆಯನ್ನು ಬಿಳಿ ಪ್ಲಾಸ್ಟಿಕ್ ಟಬ್ಬಿಗೆ ಹಿಡಿದು ಬಿಸಿಲಿನಲ್ಲಿಡಿ. ಜಾಲರಿಯಲ್ಲಿ ಸಿಕ್ಕಿದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಆಯಸ್ಕಾಂತ ಆಡಿಸಿ. ಅಂಟಿದರೆ ಉಕ್ಕು ಅಥವಾ ಕಬ್ಬಿಣ: ಕ್ಯಾಮ್ ಫಾಲೋಯರ್, ರಿಂಗು, ಗೇರು. ಅಂಟದ ಬೂದುಬಣ್ಣದ ಹೊಳಪು ಬೇರಿಂಗಿನ ಮೇಲ್ಪದರವಿರಬಹುದು, ಪಿಸ್ಟನ್ನಿನ ಅಲ್ಯೂಮಿನಿಯಂ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ತೇಯುತ್ತಿದೆ. ಅಲ್ಲಿಗೆ ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ. ಗಾಡಿ ನಿಲ್ಲಿಸಿ.

ಒತ್ತಡದ ಅಂಕಿಗಳನ್ನು ಮಾಲೀಕರಾದವರು ಬಾಯಿಪಾಠ ಮಾಡಬೇಕು. ಎಣ್ಣೆ 70 ಡಿಗ್ರಿ ಸೆಲ್ಸಿಯಸ್ ಇರುವಾಗ, 2,500 ಸುತ್ತಿನಲ್ಲಿ, ಎಸ್‌ಎಇ 30 ಎಣ್ಣೆಗೆ 42 ಪಿಎಸ್‌ಐ ಇರಬೇಕು. 28ಕ್ಕೆ ಇಳಿದರೆ ಇಂಜಿನ್ ಸವೆದಿದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತುವುದು ಯಾವಾಗ? ಒತ್ತಡ 2ರಿಂದ 6 ಪಿಎಸ್‌ಐಗೆ ಬಿದ್ದಾಗ. 28ರಿಂದ 6ರವರೆಗಿನ 22 ಪಿಎಸ್‌ಐ ಇಳಿಜಾರಿನಲ್ಲಿ ಬೇರಿಂಗ್ ಹಾಳಾಗುತ್ತಲೇ ಇರುತ್ತದೆ, ದೀಪ ಮಾತ್ರ ಸುಮ್ಮನಿರುತ್ತದೆ. "ಲೈಟ್ ಬಂದಿಲ್ಲವಲ್ಲ" ಎಂಬ ಸಮಾಧಾನ ಎಷ್ಟು ಕ್ರ್ಯಾಂಕುಗಳನ್ನು ತಿಂದಿದೆಯೋ. ಆ ದೀಪದ ಸ್ವಿಚ್ಚನ್ನೇ ಕಳಚಿ, ಅದೇ ತೂತಿಗೆ ಗೇಜ್ ಹಾಕಿ ಓದಿದರೆ ಕಾಲು ಗಂಟೆಯ ಕೆಲಸ.

ದಪ್ಪ ಎಣ್ಣೆ ಹಾಕಿದರೆ ಸದ್ದು ತಗ್ಗುತ್ತದೆ, ನಿಜ. ಒತ್ತಡದ ಮುಳ್ಳೂ ಮೇಲೇರುತ್ತದೆ. ಸವೆದ ಅಂತರ ಅಷ್ಟೇ ಉಳಿದಿರುತ್ತದೆ. ಗಾಡಿ ಮಾರುವವರು ಇದನ್ನು ಮಾಡುತ್ತಾರೆ. ಕೊಳ್ಳುವವರು ಅರ್ಧ ಗಂಟೆ ಓಡಿಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಮತ್ತೆ ಕೇಳಬೇಕು.

ಘಟ್ಟ, ಕರಾವಳಿ, ಪೆಟ್ರೋಲು

ಏರಿನಲ್ಲಿ, ಆಕ್ಸಲರೇಟರ್ ತುಳಿದಾಗ ಮಾತ್ರ ಬರುವ, ಕಾಲು ತೆಗೆದೊಡನೆ ನಿಲ್ಲುವ ಚಿಲ್ಲರೆ ಕುಲುಕಿದಂಥ ಸದ್ದು ಬೇರಿಂಗಿನದ್ದಲ್ಲ. ಕಿಡಿ ಬೇಗ ಬರುತ್ತಿದೆ, ಇಲ್ಲವೇ ಹೆಡ್ ಅತಿಯಾಗಿ ಕಾದಿದೆ. 1600 ಇಂಜಿನ್‌ನ ಕಂಪ್ರೆಷನ್ ಅನುಪಾತ 7.5 ಮಾತ್ರ, ಇದಕ್ಕೆ 91 ಆಕ್ಟೇನ್ ಸಾಕು. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲೂ ಅದಕ್ಕೆ ಕಡಿಮೆಯಿಲ್ಲ. ದುಬಾರಿ ಪೆಟ್ರೋಲ್ ಹಾಕಿಸಿ ಸದ್ದು ಮುಚ್ಚುವ ಬದಲು ಟೈಮಿಂಗ್ ನೋಡಿಸಿ. ಸೆಂಟ್ರಿಫ್ಯೂಗಲ್ ಡಿಸ್ಟ್ರಿಬ್ಯೂಟರ್ ಹಾಕಿದ ಗಾಡಿಗಳಲ್ಲಿ 3,500 ಸುತ್ತಿಗೆ ಒಟ್ಟು ಅಡ್ವಾನ್ಸ್ 28ರಿಂದ 32 ಡಿಗ್ರಿಯೊಳಗೆ ಇರಬೇಕು.

ಬೆಂಗಳೂರಿನವರಿಗೆ ವಿಶೇಷವಾಗಿ ಒಂದು ಲೆಕ್ಕ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಇಲ್ಲಿ ಸದ್ದಿಲ್ಲದಂತೆ ತೀರಾ ಅಂಚಿಗೆ ಟೈಮಿಂಗ್ ಕೂರಿಸಿಕೊಂಡವರು ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೋದರೆ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ, ಸೆಕೆಯೂ ಸೇರುತ್ತದೆ, ಅಲ್ಲಿ ನಾಕಿಂಗ್ ಶುರು. ಇಂಜಿನ್ ಹಾಳಾಯಿತೆಂದು ಗಾಬರಿ ಬೇಡ. ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿ ನೋಡಿ. ಕಂಪ್ರೆಷನ್ ಗೇಜಿಗೂ ಇದೇ ಮಾತು. ಮಂಗಳೂರಿನಲ್ಲಿ 110 ತೋರಿಸುವ ಇಂಜಿನ್ ಬೆಂಗಳೂರಿನಲ್ಲಿ 98ರ ಸುತ್ತಮುತ್ತ ತೋರಿಸುತ್ತದೆ. ಆ 12 ಪಿಎಸ್‌ಐ ನೋಡಿ ರಿಂಗ್ ಬದಲಿಸಿದರೆ ಹಣ ದಂಡ. ನೋಡಬೇಕಾದ್ದು ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ.

ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್‌ಗೆ ಆಕ್ಟೇನ್ ಹೆಚ್ಚು, ಅದರಿಂದ ನಾಕಿಂಗ್ ಹೆಚ್ಚಬೇಕಿಲ್ಲ. ತೊಂದರೆ ಬೇರೆ. ಬರೀ ಪೆಟ್ರೋಲಿನ ಒಂದು ಕೆ.ಜಿ. ಉರಿಯಲು 14.7 ಕೆ.ಜಿ. ಗಾಳಿ ಬೇಕು, 20ರ ಮಿಶ್ರಣಕ್ಕೆ ಸುಮಾರು 13.5 ಸಾಕು. ಕಾರ್ಬ್ಯುರೇಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಹಳೆಯ ಅಳತೆಯಲ್ಲೇ ಸುರಿಯುತ್ತದೆ. ಮಿಶ್ರಣ ನೂರಕ್ಕೆ 8ರಷ್ಟು ತೆಳುವಾಗುತ್ತದೆ, ಕೆಲಸದ ಹೊರೆಯಲ್ಲಿ ಹೆಡ್ ಬಿಸಿಯೇರುತ್ತದೆ. ಸೋಲೆಕ್ಸ್ ಜೆಟ್ಟಿನ ಮೇಲಿನ ಸಂಖ್ಯೆ ತೂತಿನ ವ್ಯಾಸ. 125 ಎಂದರೆ 1.25 ಮಿ.ಮೀ. ಅದನ್ನು 130 ಮಾಡಿದರೆ ತೂತಿನ ವಿಸ್ತೀರ್ಣ ನೂರಕ್ಕೆ 8.2 ಹೆಚ್ಚುತ್ತದೆ, ಕೊರತೆ ತುಂಬಿತು. ಒಂದು ಜೆಟ್, ಅರ್ಧ ಗಂಟೆ. ಪ್ಲಗ್ಗಿನ ಬಣ್ಣ ನೋಡಿ ಖಚಿತಪಡಿಸಿಕೊಳ್ಳಿ.

ಒಳಗಿನದೇ ಎಂದು ಖಚಿತವಾದಾಗ

ಒಂದೊಂದೇ ಪ್ಲಗ್ ವೈರ್ ಕಿತ್ತು, ಅದರ ತುದಿಯನ್ನು ಅರ್ಥ್ ಮಾಡಿ, ಸದ್ದು ಕೇಳಿ. 2ನೆಯದನ್ನು ಕಿತ್ತಾಗ ಗುದ್ದು ತಗ್ಗಿದರೆ 2ನೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್ ಅಥವಾ ಪಿಸ್ಟನ್ ಪಿನ್. ಯಾವುದನ್ನು ಕಿತ್ತರೂ ಬದಲಾಗದ ದಪ್ಪ ಗುದ್ದು, ಹೊರೆ ಬಿದ್ದಾಗ ಹೆಚ್ಚಾದರೆ ಮೇನ್ ಬೇರಿಂಗ್. ಬೆಳಿಗ್ಗೆ ಚಳಿಯಲ್ಲಿ ಹೊಡೆದು ಕಾದ ಮೇಲೆ ಮಾಯವಾಗುವುದು ಪಿಸ್ಟನ್ ಸ್ಲ್ಯಾಪ್. 85.5 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಿಸ್ಟನ್ 100 ಡಿಗ್ರಿ ಕಾದರೆ 0.20 ಮಿ.ಮೀ. ಹಿಗ್ಗುತ್ತದೆ, ಅದೇ ಅಗಲದ ಎರಕದ ಸಿಲಿಂಡರ್ 0.09 ಮಾತ್ರ. ನಡುವಿನ ಸಡಿಲ ತಾನಾಗಿ ತುಂಬಿಕೊಳ್ಳುತ್ತದೆ. ಹೊಸದರಲ್ಲಿ ಈ ಸಡಿಲ 0.04ರಿಂದ 0.06, ಮಿತಿ 0.20. ಇಂಥ ಗಾಡಿಯನ್ನು ಕಾಯಿಸಿ ನಿಧಾನವಾಗಿ ಓಡಿಸುತ್ತ ವರ್ಷಗಟ್ಟಲೆ ಇಟ್ಟುಕೊಳ್ಳಬಹುದು.

ಬಿಗ್ ಎಂಡ್ ಹಾಗಲ್ಲ. ಸರಿ ಇದ್ದಾಗ ಅದರ ಅಂತರ 0.02ರಿಂದ 0.08, ಮಿತಿ 0.15. ಪಿಸ್ಟನ್ನಿನ ಮೇಲ್ಮೈ 57 ಚದರ ಸೆಂಟಿಮೀಟರ್. ಸಿಡಿತದ ಒತ್ತಡವನ್ನು ಚ.ಸೆಂ.ಮೀ.ಗೆ 40 ಕೆ.ಜಿ. ಎಂದು ಹಿಡಿದರೂ ಒಂದೊಂದು ಸಿಡಿತಕ್ಕೆ 2.3 ಟನ್ ಭಾರ ಆ ಬೇರಿಂಗಿನ ಮೇಲೆ. ಎಣ್ಣೆಯ ಪದರ ಉಳಿದಿದ್ದರೆ ಭಾರ ಅದರ ಮೇಲೆ ಹರಡಿ ಹೋಗುತ್ತದೆ. ಪದರ ಹರಿದಿದ್ದರೆ ಲೋಹಕ್ಕೆ ಲೋಹ ಬಡಿಯುತ್ತದೆ. "ಇನ್ನು ನೂರೇ ಕಿಲೋಮೀಟರ್, ನಿಧಾನಕ್ಕೆ ಊರು ಸೇರೋಣ" ಎಂದರೆ ಆ ರಾಡಿಗೆ 90,000 ಪೆಟ್ಟು. ಟೋಯಿಂಗ್ ಗಾಡಿಯ ಬಾಡಿಗೆ ಎಷ್ಟೇ ಇರಲಿ, ರಾಡ್ ಹೊರಬಂದು ಒಡೆದ ಕ್ರ್ಯಾಂಕ್ ಕೇಸಿಗಿಂತ ಅಗ್ಗ. ಕೇಸ್ ಮೆಗ್ನೀಸಿಯಂ ಮಿಶ್ರಲೋಹ, ಒಡೆದರೆ ಬೆಸುಗೆ ಹಾಕಿ ನಂಬುವಂಥದ್ದಲ್ಲ.

ಬೀಟಲ್ ದುಬಾರಿಯಾಗುವುದು ಇಲ್ಲೇ. ಸಾಲು ಇಂಜಿನ್‌ನ ಕಾರುಗಳಲ್ಲಿ ತಳದ ಸಂಪ್ ಕಳಚಿದರೆ ಬಿಗ್ ಎಂಡ್ ಕಾಣಿಸುತ್ತದೆ, ಕೆಳಗೆ ಮಲಗಿಯೇ ಬೇರಿಂಗ್ ಬದಲಿಸಬಹುದು. ಬೀಟಲ್‌ನ ಕೇಸ್ ಕಡಲೆಕಾಯಿಯಂತೆ ಎರಡು ಹೋಳು. ಒಂದು ಬೇರಿಂಗ್ ನೋಡಬೇಕಾದರೂ 16 ಹೆಡ್ ನಟ್, 8 ಪುಶ್ ರಾಡ್, 4 ಸಿಲಿಂಡರ್ ಕಳಚಿ, 6 ದೊಡ್ಡ ನಟ್, ಸುತ್ತಲಿನ ಸಣ್ಣವನ್ನೆಲ್ಲ ಬಿಚ್ಚಿ ಕೇಸ್ ಬಿಡಿಸಬೇಕು. ಆರು ಗಂಟೆಯ ಪರೀಕ್ಷೆಗೆ ನಾನು ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ.

ಬಿಚ್ಚಿದ ಮೇಲೆ ಕ್ರ್ಯಾಂಕ್ ಮೈಕ್ರೋಮೀಟರಿಗೆ ಹೋಗಲಿ. ಬಿಗ್ ಎಂಡ್ ಜರ್ನಲ್ ಹೊಸದರಲ್ಲಿ 55 ಮಿ.ಮೀ. ಗ್ರೈಂಡಿಂಗ್ ಮೂರು ಮೆಟ್ಟಿಲು: 54.75, 54.50, 54.25. ನಮ್ಮ ಗ್ರೈಂಡಿಂಗ್ ಅಂಗಡಿಗಳಲ್ಲಿ ಇದೇ ಟೆನ್, ಟ್ವೆಂಟಿ, ಥರ್ಟಿ ಅಂಡರ್‌ಸೈಜ್. ಕೇಸ್ ಕೂಡ ಸವೆದು ಲೈನ್ ಬೋರ್ ಆಗಿದ್ದರೆ ಮೇನ್ ಬೇರಿಂಗಿಗೆ ಹೊರಸುತ್ತಿನ ಅಳತೆಯೂ ಬದಲು, 0.50 ಅಥವಾ 1.00 ಹೆಚ್ಚು. ಒಳಗೊಂದು ಅಂಕಿ, ಹೊರಗೊಂದು ಅಂಕಿ. ಎರಡನ್ನೂ ಅಳೆದು ಬರೆದುಕೊಂಡ ಮೇಲೆಯೇ ಬೇರಿಂಗಿಗೆ ಹಣ ಕಟ್ಟಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಿ, ಅಲ್ಲಿ ಸಿಗದಿದ್ದರೆ ಹೊರದೇಶದಿಂದ ತರಿಸಬೇಕು. ತಪ್ಪು ಅಳತೆಯದು ಬಂದರೆ ಹಿಂದಿರುಗಿಸುವ ಖರ್ಚು ಸಾಮಾನಿನ ಬೆಲೆಯನ್ನೇ ಮುಟ್ಟುತ್ತದೆ.

ಕಟ್ಟುವಾಗ ರಾಡ್ ನಟ್ಟಿಗೆ 3.3 ಕಿಲೋಗ್ರಾಂ-ಮೀಟರ್, ಕೇಸಿನ ದೊಡ್ಡ ನಟ್ಟಿಗೆ 3.5, ಸಣ್ಣದಕ್ಕೆ 2. ಫ್ಲೈವೀಲಿನ ನಟ್ಟಿಗೆ ಮಾತ್ರ 30. ಅಂದರೆ 65 ಕೆ.ಜಿ. ತೂಕದ ಮನುಷ್ಯ ನಟ್ಟಿನಿಂದ 46 ಸೆಂಟಿಮೀಟರ್ ದೂರಕ್ಕೆ ಅಡ್ಡ ಪೈಪಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಷ್ಟು. ಈ ನಟ್ ಸಡಿಲವಾದರೂ ಗುದ್ದು ಬರುತ್ತದೆ, ಬೇರಿಂಗ್ ಗುದ್ದಿನ ಹಾಗೆಯೇ ಕೇಳುತ್ತದೆ. ಇಂಜಿನ್ ಇಳಿಸಿದ ಕೂಡಲೇ, ಕೇಸಿಗೆ ಕೈ ಹಾಕುವ ಮೊದಲು, ಇದನ್ನು ನೋಡಬೇಕು.

ಇನ್ನು ಆ ಹಾಳೆಯ ಲೆಕ್ಕ. ಕೇಸಿನ ಮುಖ ಸವೆಯದೆ, ಬರೀ ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ ಮುಂದೆ ಜರುಗುವ ಆಟ) ಹೆಚ್ಚಾಗಿದ್ದರೆ ಕೇಸ್ ಬಿಡಿಸುವ ಅಗತ್ಯವಿಲ್ಲ. ಇಳಿಸಿ ಏರಿಸಲು 5 ಗಂಟೆ, ಫ್ಲೈವೀಲ್ ಬಿಚ್ಚಿ ಅಳೆದು ಕೂರಿಸಲು 3, ಒಟ್ಟು 4,000 ರೂಪಾಯಿ ಕೂಲಿ. ಸಾಮಾನು ಒಂದು ಆಯಿಲ್ ಸೀಲ್, ಮೂರು ಶಿಮ್ (ತೆಳು ಲೋಹದ ಬಿಲ್ಲೆ). ಶಿಮ್‌ಗಳು 0.24, 0.30, 0.32, 0.34, 0.36 ಮಿ.ಮೀ. ದಪ್ಪದಲ್ಲಿ ಬರುತ್ತವೆ. ಮೊದಲು ಸೀಲ್ ಇಲ್ಲದೆ ಎರಡೇ ಶಿಮ್ ಹಾಕಿ, ಫ್ಲೈವೀಲ್ ಬಿಗಿದು, ಡಯಲ್ ಗೇಜ್ ಓದಿ. 0.42 ಬಂತು ಎಂದುಕೊಳ್ಳಿ. ನಮಗೆ ಬೇಕಾದ ಆಟ 0.10. ಕಳೆದರೆ 0.32. ಮೂರನೆಯ ಶಿಮ್ ಅದು. ಫ್ಲೈವೀಲ್ ಮತ್ತೆ ತೆಗೆದು, ಸೀಲ್ ಕೂರಿಸಿ, ಮೂರೂ ಶಿಮ್ ಸೇರಿಸಿ, 30ಕ್ಕೆ ಬಿಗಿದು ಮತ್ತೊಮ್ಮೆ ಅಳೆಯಿರಿ. ಮುಳ್ಳು 0.07ಕ್ಕೂ 0.13ಕ್ಕೂ ನಡುವೆ ನಿಂತರೆ ಇಂಜಿನ್ ಏರಿಸಿ. 500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ, ಎಂಟು ವಾಲ್ವ್‌ಗಳ ಅಂಕಿಯ ಪಕ್ಕದಲ್ಲಿ ಈ ಎಂಡ್ ಪ್ಲೇ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.